ಶಾಲು ಹೊದಿಸುವ ಮೊದಲು: ಸೈನಿಕರ ಕುಟುಂಬಗಳಿಗಾಗಿ ದುಡಿಯುವವರ ಕೆಲಸ ಏನು, ಅವರನ್ನು ಗೌರವಿಸುವುದು ಹೇಗೆ

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದ ರೂಢಿಯಂತೆ ಅಂದು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಎದೆಗೆ ಸಿಕ್ಕಿಸಿ ಮಾಜಿ ಸೈನಿಕರ ಕಲ್ಯಾಣಕ್ಕೆ ಹಣ ಕೂಡಿಸುತ್ತಾರೆ. ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ 1953ರಲ್ಲಿ ಸೇನೆಯಿಂದ ನಿವೃತ್ತರಾದ ಜನವರಿ 14 ಮಾಜಿ ಸೈನಿಕರ ದಿನ. ಜುಲೈ 26 ಕಾರ್ಗಿಲ್ ವಿಜಯ ದಿವಸ. ಈ ಮೂರು ದಿನಗಳ ಆಸುಪಾಸಿನಲ್ಲಿ ಊರೂರಲ್ಲೂ ಸನ್ಮಾನ ಸಮಾರಂಭಗಳು ನಡೆಯುತ್ತವೆ. ಯೋಧರನ್ನೂ ವೀರನಾರಿಯರನ್ನೂ, ಅಂದರೆ ಮಡಿದ ಯೋಧರ ಪತ್ನಿಯರನ್ನೂ, ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಅದು ಆಗಲೇಬೇಕಾದ ಕೆಲಸ. ಆದರೆ ಅದೇ ಕುಟುಂಬಗಳ ಕಡತ ಹಿಡಿದು ವರ್ಷಗಟ್ಟಲೆ ಕಚೇರಿ ಸುತ್ತಿದವರು ಅಂದು ಕುರ್ಚಿ ಜೋಡಿಸುತ್ತಲೋ ಊಟದ ಎಲೆ ಎಣಿಸುತ್ತಲೋ ಇರುತ್ತಾರೆ.

ಅವರನ್ನೂ ಗೌರವಿಸಬೇಕು. ಹಾಗೆ ಗೌರವಿಸಲು ಅವರು ಮಾಡಿದ್ದೇನೆಂದು ಗೊತ್ತಿರಬೇಕು. 'ಮಾಜಿ ಸೈನಿಕರಿಗಾಗಿ ಅವಿರತ ಶ್ರಮಿಸಿದ' ಎಂದು ಬಿನ್ನವತ್ತಳೆಯಲ್ಲಿ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆ ಶ್ರಮ ಬಹುಪಾಲು ಕಾಗದಪತ್ರದ್ದು. ಬಿಡಿಸಿ ಹೇಳಿದರೆ ಮಾತ್ರ ಕಣ್ಣಿಗೆ ಬೀಳುವಂಥದ್ದು.

ಸರ್ಕಾರದ ವ್ಯವಸ್ಥೆ ಎಲ್ಲಿಯವರೆಗೆ

ಕೇಂದ್ರದಲ್ಲಿ ರಕ್ಷಣಾ ಸಚಿವರ ಅಧ್ಯಕ್ಷತೆಯ ಕೇಂದ್ರೀಯ ಸೈನಿಕ ಮಂಡಳಿ ಇದೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಅದರ ಕೆಳಗೆ ಜಿಲ್ಲಾ ಮಟ್ಟದ ಕಚೇರಿಗಳು. ಕೆಲವು ಕಡೆ ಎರಡು ಮೂರು ಜಿಲ್ಲೆಗೆ ಒಂದೇ ಕಚೇರಿ. ಚಿಕಿತ್ಸೆಗೆ 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇಸಿಎಚ್‌ಎಸ್‌ನ, ಪಾಲಿಕ್ಲಿನಿಕ್‌ಗಳಿವೆ. ಪಿಂಚಣಿ ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಿಂದ ಬರುತ್ತದೆ. ಅದರ ಹಿಂದಿರುವುದು ಪ್ರಯಾಗರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿ. ಸೈನಿಕನ ಸೇವಾ ದಾಖಲೆ ಇರುವುದು ಇವೆಲ್ಲಕ್ಕಿಂತ ಬೇರೆ ಜಾಗದಲ್ಲಿ, ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರದು ವೆಲಿಂಗ್ಟನ್, ತೋಪಖಾನೆಯವರದು ನಾಸಿಕ್ ರೋಡ್, ಸಿಗ್ನಲ್ಸ್‌ನವರದು ಜಬಲ್ಪುರ, ವಾಯುಪಡೆಯವರದು ದೆಹಲಿ, ನೌಕಾಪಡೆಯವರದು ಮುಂಬೈ.

ಅಂದರೆ ಹಾವೇರಿಯ ಹಳ್ಳಿಯೊಂದರ ವಿಧವೆಯ ಒಂದು ಸಮಸ್ಯೆ ನಾಲ್ಕು ಕಚೇರಿಗಳಲ್ಲಿ ಹಂಚಿಹೋಗಿರುತ್ತದೆ. ಪ್ರತಿ ಕಚೇರಿಯೂ ತನ್ನ ಪಾಲಿನ ಕೆಲಸ ಮಾಡುತ್ತದೆ. ನಾಲ್ಕನ್ನೂ ಒಟ್ಟಿಗೆ ಕಾಣುವವರು ಯಾರೂ ಇರುವುದಿಲ್ಲ. ಸ್ವಯಂಸೇವಕ ನಿಲ್ಲುವುದು ಆ ಖಾಲಿ ಜಾಗದಲ್ಲಿ. ಅವರಲ್ಲಿ ಹೆಚ್ಚಿನವರು ನಿವೃತ್ತ ಹವಾಲ್ದಾರರು, ಸುಬೇದಾರರು, ಕಚೇರಿ ಕೆಲಸ ಬಲ್ಲ ನಿವೃತ್ತ ಕ್ಲರ್ಕ್‌ಗಳು, ಇಂಗ್ಲಿಷ್ ಓದಿ ಹೇಳಬಲ್ಲ ಶಿಕ್ಷಕಿಯರು.

ಒಂದು ಹೆಸರಿನ ಕಥೆ

ಇವರ ಮೇಜಿಗೆ ಅತಿ ಹೆಚ್ಚು ಬರುವ ತೊಡಕು ಹೆಸರಿನದು. ಮನೆಯಲ್ಲಿ, ಊರಲ್ಲಿ ಆಕೆ ಶಾಂತವ್ವ. ಆಧಾರ್‌ನಲ್ಲಿ ಶಾಂತಾ. ಸೇನೆ ಬಿಡುವಾಗ ಗಂಡನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಶಾಂತಮ್ಮ. ಪಿಪಿಒದಲ್ಲಿ, ಅಂದರೆ ಪಿಂಚಣಿ ಆದೇಶದಲ್ಲಿ, ಶಾಂತಾಬಾಯಿ. 40 ವರ್ಷದ ಹಿಂದೆ ದೂರದ ರೆಕಾರ್ಡ್ ಆಫೀಸಿನಲ್ಲಿ ಕನ್ನಡ ಬಾರದ ಗುಮಾಸ್ತರೊಬ್ಬರು ತಮ್ಮ ಕಿವಿಗೆ ಬಿದ್ದಂತೆ ಬರೆದುಕೊಂಡದ್ದು ಅದು. ಹುಟ್ಟಿದ ದಿನ ಒಂದರಲ್ಲಿ ಬರೀ ಇಸವಿ, ಇನ್ನೊಂದರಲ್ಲಿ ಜನವರಿ 1. ಗಂಡ ಬದುಕಿರುವವರೆಗೆ ಇದು ಯಾರಿಗೂ ಅಡ್ಡಿಯಾಗುವುದಿಲ್ಲ. ಆತ ತೀರಿಕೊಂಡ ಮರುವಾರ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಶಾಂತಾ, ಶಾಂತಮ್ಮ, ಶಾಂತಾಬಾಯಿ ಮೂವರು ಬೇರೆ ಬೇರೆ ಹೆಂಗಸರಾಗಿಬಿಡುತ್ತಾರೆ.

ಅನುಭವಿ ಸ್ವಯಂಸೇವಕ ಮೊದಲು ಮಾಡುವುದು ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒಂದು ಹಾಳೆಯಲ್ಲಿ ವ್ಯತ್ಯಾಸದ ಪಟ್ಟಿ ಬರೆಯುವುದು: ಪಿಪಿಒ, ಡಿಸ್ಚಾರ್ಜ್ ಬುಕ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ. ಅವಸರದವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಪಿಪಿಒದ ತಪ್ಪು ಹೆಸರಿಗೆ ಹೊಂದಲೆಂದು ಆಧಾರನ್ನು ಬದಲಿಸುತ್ತಾರೆ. ಆಗ ಪಾಸ್‌ಬುಕ್, ಪಡಿತರ ಚೀಟಿ, ಪಹಣಿ ಎಲ್ಲವೂ ಹೊಂದದೆ ಹೋಗಿ ಒಂದು ಗಂಟು ಬಿಚ್ಚಲು ಹೋಗಿ ನಾಲ್ಕು ಗಂಟು ಬೀಳುತ್ತವೆ. ಸರಿಪಡಿಸಬೇಕಾದದ್ದು ಸೇವಾ ದಾಖಲೆಯನ್ನು. ಅದಕ್ಕೆ ಅಫಿಡವಿಟ್, ಆಧಾರ್ ಮತ್ತು ಪ್ಯಾನ್ ಪ್ರತಿ, ಇದ್ದರೆ ಗಂಡಹೆಂಡಿರ ಜೋಡಿ ಫೋಟೊ, ಮದುವೆಯ ಪುರಾವೆ ಸೇರಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಬೇಕು.

ಪ್ರತಿ ಹಾಳೆಯ ಮೇಲೂ ಸೇನಾ ಸಂಖ್ಯೆ, ಹುದ್ದೆ, ಹೆಸರು ಇರಲೇಬೇಕು. ಭೂಸೇನೆಯ ಸಂಖ್ಯೆಯ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ. ಅದನ್ನು ಬಿಟ್ಟು ಬರೆದರೆ ಆ ಸಂಖ್ಯೆ ಅಪೂರ್ಣ, ಕಾಗದ ಸರಿಯಾದ ಕಡತ ಸೇರದೆ ಅಲೆಯುತ್ತದೆ. ಇಂಥ ಒಂದು ಅಕ್ಷರಕ್ಕಾಗಿ ತಿಂಗಳುಗಳು ಕಳೆದುಹೋಗುತ್ತವೆ.

ಮದುವೆಯೇ ದಾಖಲಾಗದ ಪ್ರಕರಣ ಇನ್ನೂ ಕಠಿಣ. ಸೇವೆಯಲ್ಲಿರುವಾಗ ಮದುವೆ, ಮಕ್ಕಳ ಜನನ ಎಲ್ಲವೂ ಘಟಕದಿಂದ 'ಪಾರ್ಟ್ ಟು ಆರ್ಡರ್' ಆಗಿ, ಅಂದರೆ ಸೇವಾ ದಾಖಲೆಗೆ ಸೇರುವ ಆದೇಶವಾಗಿ, ಪ್ರಕಟವಾಗಬೇಕು. ಕೆಲವರು ಅದನ್ನು ಮಾಡಿಸಿರುವುದಿಲ್ಲ. ಕೆಲವರು ನಿವೃತ್ತಿಯ ನಂತರ ಮದುವೆಯಾಗಿರುತ್ತಾರೆ. ಗಂಡ ಬದುಕಿರುವಾಗ ಆತನೇ ಅರ್ಜಿಗೆ ರುಜು ಹಾಕಿ, ಬೇಕಾದ ಮಾತು ತಾನೇ ಹೇಳಬಲ್ಲ. ಆತ ಹೋದ ಮೇಲೆ ಪ್ರತಿಯೊಂದನ್ನೂ ಆಕೆಯೇ ರುಜುವಾತು ಮಾಡಬೇಕು. ಆದ್ದರಿಂದ ಒಳ್ಳೆಯ ಸಂಘಗಳು ಸಾವಿನ ಮನೆಗೆ ಹೋಗುವುದಕ್ಕಿಂತ ಮೊದಲೇ, 60 ದಾಟಿದ ಮಾಜಿ ಸೈನಿಕರ ಮನೆಗೆ ಹೋಗಿ ಪಿಪಿಒ ತೆಗೆಸಿ ನೋಡುತ್ತವೆ. ಅತ್ಯಂತ ಹೆಚ್ಚು ಉಪಕಾರವಾಗುವ ಕೆಲಸ ಇದು. ತೊಂದರೆ ಬರದಂತೆ ಮಾಡಿದವರನ್ನು ಯಾರೂ ನೆನೆಯುವುದಿಲ್ಲವಾದ್ದರಿಂದ ಅತ್ಯಂತ ಕಡಿಮೆ ಗುರುತಿಸಲ್ಪಡುವ ಕೆಲಸವೂ ಇದೇ.

ಪಿಂಚಣಿದಾರ ತೀರಿಕೊಂಡಾಗ

ಮರಣ ಪ್ರಮಾಣಪತ್ರ ಸಿಕ್ಕ ಕೂಡಲೇ ಸ್ಪರ್ಶ್‌ನಲ್ಲಿ ಮರಣ ವರದಿ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಅನೇಕ ಮನೆಗಳಲ್ಲಿ ಇದು ತಡವಾಗುತ್ತದೆ. ಆತನ ಖಾತೆಗೆ ಪಿಂಚಣಿ ಬರುತ್ತಲೇ ಇರುತ್ತದೆ, ಮಗ ಎಟಿಎಂ ಕಾರ್ಡ್ ಹಾಕಿ ತೆಗೆಯುತ್ತಲೇ ಇರುತ್ತಾನೆ. ತಿಥಿ ಖರ್ಚಿಗೆಂದು ತೆಗೆದ ಆ ಹಣ ಹೆಚ್ಚುವರಿ ಪಾವತಿ ಎನಿಸಿಕೊಂಡು, ಮುಂದೆ ತಾಯಿಯ ಕುಟುಂಬ ಪಿಂಚಣಿಯಿಂದ ಕಡಿತವಾಗುತ್ತದೆ. ಮೊದಲ ವಾರದಲ್ಲೇ 'ಆ ಕಾರ್ಡ್ ಮುಟ್ಟಬೇಡಿ' ಎಂದು ಹೇಳುವವರೊಬ್ಬರು ಬೇಕು. ಸಾವಿನ ಮನೆಯಲ್ಲಿ ದುಡ್ಡಿನ ಮಾತು ಎತ್ತುವುದು ಸುಲಭವಲ್ಲ. ಹೇಳದಿದ್ದರೆ ಆಗುವ ನಷ್ಟ ದೊಡ್ಡದು.

ಇನ್ನೊಂದು ಗೊಂದಲ ಮೊತ್ತದ್ದು. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಆದರೆ ಮೊದಲ ಕೆಲವು ವರ್ಷ ಹೆಚ್ಚಿನ ದರ, ಶೇ 50, ಸಿಗುತ್ತದೆ. ನಿವೃತ್ತಿಯ ನಂತರದ ಸಾವಾದರೆ ಅದು 7 ವರ್ಷ, ಇಲ್ಲವೇ ಮೃತರು ಬದುಕಿದ್ದರೆ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅದು. 58ಕ್ಕೆ ತೀರಿಕೊಂಡವರ ಪತ್ನಿಗೆ 7 ವರ್ಷ. 63ಕ್ಕೆ ತೀರಿಕೊಂಡವರ ಪತ್ನಿಗೆ 4 ವರ್ಷ. 70ಕ್ಕೆ ಆದರೆ ಮೊದಲಿನಿಂದಲೇ ಶೇ 30. ಅವಧಿ ಮುಗಿದ ತಿಂಗಳು ಪಿಂಚಣಿ ಒಮ್ಮೆಲೇ ಇಳಿದಾಗ ಆ ತಾಯಿ ಯಾರೋ ಹಣ ಹೊಡೆದರೆಂದು ಗಾಬರಿಯಾಗುತ್ತಾರೆ. ಇಳಿಯುವ ತಾರೀಖನ್ನು ಮೊದಲ ದಿನವೇ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಟ್ಟರೆ ಆ ಗಾಬರಿ ತಪ್ಪುತ್ತದೆ.

ಆಮೇಲೆ ಪ್ರತಿ ವರ್ಷದ ಜೀವಿತ ಪ್ರಮಾಣಪತ್ರ, ಹೆಚ್ಚಿನವರಿಗೆ ನವೆಂಬರ್‌ನಲ್ಲಿ. ಹೊಲದಲ್ಲಿ ದುಡಿದು ಸವೆದ ಬೆರಳಚ್ಚನ್ನು ಯಂತ್ರ ಓದುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನ ಆಗ ಕೈಹಿಡಿಯುತ್ತದೆ. ಮುಖದ ಮೇಲೆ ಬೆಳಕು ಬೀಳುವಂತೆ ಕಿಟಕಿಯ ಎದುರು ಕೂರಿಸಬೇಕು, ಕನ್ನಡಕ ತೆಗೆಸಬೇಕು, ಕಣ್ಣು ಮಿಟುಕಿಸಲು ನಿಧಾನವಾಗಿ ಹೇಳಬೇಕು. ಯಂತ್ರಕ್ಕಿಂತ ಹೆಚ್ಚು ತಪ್ಪು ನಡೆಯುವುದು ಆಯ್ಕೆಯ ಪಟ್ಟಿಯಲ್ಲಿ. ವಿತರಿಸುವ ಸಂಸ್ಥೆ ಎಂಬಲ್ಲಿ ಸ್ಪರ್ಶ್ ಆಯ್ದುಕೊಳ್ಳುವ ಬದಲು ಹಣ ಬೀಳುವ ಬ್ಯಾಂಕಿನ ಹೆಸರು ಹಾಕುತ್ತಾರೆ. ಹಳೆಯ ಪಿಪಿಒ ಸಂಖ್ಯೆ ತುಂಬುತ್ತಾರೆ. ಬೇಕಾದದ್ದು ಸ್ಪರ್ಶ್ ಕೊಟ್ಟ ಹೊಸ ಸಂಖ್ಯೆ. ಪ್ರಮಾಣಪತ್ರ ಮುದ್ರಣವಾಗಿ ಕೈಗೆ ಬರುತ್ತದೆ, ಆದರೆ ತಲುಪಬೇಕಾದಲ್ಲಿ ತಲುಪಿರುವುದಿಲ್ಲ, ಪಿಂಚಣಿ ನಿಲ್ಲುತ್ತದೆ. ಆದ್ದರಿಂದ ಕಾಗದ ಕೈಗೆ ಬಂದರೆ ಸಾಲದು. ಕೆಲವು ದಿನ ಬಿಟ್ಟು ಸ್ಪರ್ಶ್ ಖಾತೆಯಲ್ಲಿ ಮುಂದಿನ ಗುರುತಿನ ದಿನಾಂಕ ಬದಲಾಗಿದೆಯೇ ಎಂದು ನೋಡಬೇಕು.

ಸೇವೆಯಲ್ಲಿರುವಾಗಲೇ ಯೋಧ ಹೋದ ಮನೆ

ಇಲ್ಲಿ ಕಾಗದಕ್ಕಿಂತ ಮೊದಲು ಬೇಕಾದದ್ದು ಬಾಗಿಲು ಕಾಯುವವರು. ಜನ, ಮೈಕು, ಕ್ಯಾಮೆರಾ, ಗಣ್ಯರು ಒಟ್ಟಿಗೆ ನುಗ್ಗುತ್ತಾರೆ. ಕುಟುಂಬದ ಒಬ್ಬರನ್ನು ಮಾತನಾಡಲು ಗೊತ್ತುಮಾಡಿ, ಘಟಕದಿಂದ ಬಂದ ಪ್ರತಿನಿಧಿಯ ಹೆಸರು ಮತ್ತು ಫೋನ್ ಸಂಖ್ಯೆ ಬರೆದಿಟ್ಟುಕೊಂಡು, ಆಧಾರ್ ಪಾಸ್‌ಬುಕ್‌ಗಳು ಯಾರ್ಯಾರದೋ ಕೈಗೆ ಹೋಗದಂತೆ ನೋಡಿಕೊಳ್ಳುವುದು ಮೊದಲ ದಿನದ ಸೇವೆ.

ಪತ್ರಿಕೆಗಳು ಎಲ್ಲರನ್ನೂ ಹುತಾತ್ಮ ಎನ್ನುತ್ತವೆ. ಕುಟುಂಬಕ್ಕೂ ಊರಿಗೂ ಆ ಮಾತು ಬೇಕು. ಅದರ ಬಗ್ಗೆ ವಾದಿಸುವುದು ಸಲ್ಲದು. ಆದರೆ ಪಿಂಚಣಿಯ ಕಡತದಲ್ಲಿ ನಡೆಯುವುದು ಬೇರೆ ಪದಗಳು: ಬ್ಯಾಟಲ್ ಕ್ಯಾಶುಯಲ್ಟಿಯೋ (ಕಾರ್ಯಾಚರಣೆಯಲ್ಲಿ ಆದದ್ದು), ಫಿಸಿಕಲ್ ಕ್ಯಾಶುಯಲ್ಟಿಯೋ (ಬೇರೆ ಕಾರಣದಿಂದ ಆದದ್ದು). ಶತ್ರು ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಆದ ಸಾವಿಗೆ ಉದಾರೀಕೃತ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ, ಅಂದರೆ ಶೇ 100. ಸೇವೆಯ ಕಾರಣದಿಂದಲೇ ಆದ ಅಪಘಾತ, ಕಾಯಿಲೆಗಳಿಗೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಸೇವೆಗೆ ಸಂಬಂಧವಿಲ್ಲ ಎಂದು ತೀರ್ಮಾನವಾದರೆ ಸಾಮಾನ್ಯ ಪಿಂಚಣಿ. ಒಂದು ವರ್ಗೀಕರಣದಿಂದ ಇನ್ನೊಂದಕ್ಕೆ ಇರುವ ಅಂತರ ಜೀವಮಾನದ ಅಂತರ. ಆದ್ದರಿಂದ ವರ್ಗೀಕರಣದ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ, ಅದರಾಚೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಗೆದ್ದರೂ ಹಿಂದಿನ ಬಾಕಿ ಸಾಮಾನ್ಯವಾಗಿ 3 ವರ್ಷಕ್ಕೆ ಸೀಮಿತವಾಗುತ್ತದೆ. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಸೈನಿಕ ಕುಟುಂಬಗಳಿಗೆಂದೇ ವೀರ ಪರಿವಾರ ಸಹಾಯತಾ ಯೋಜನೆ ಶುರುಮಾಡಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವು ಕೇಂದ್ರ ತೆರೆಯುವುದು ಅದರ ಉದ್ದೇಶ.

ಮನೆ ಒಡೆಯುವ ಒಂದು ಸಂಗತಿಯೂ ಇದೆ. ವಿಮೆಯ ಹಣ ನಾಮಿನಿಯ ಹೆಸರಿಗೆ ಹೋಗುತ್ತದೆ. ಪಿಂಚಣಿ ನಿಯಮದ ಪ್ರಕಾರ ಹೋಗುತ್ತದೆ, ಅಲ್ಲಿ ಮೊದಲ ಹಕ್ಕು ಸಾಮಾನ್ಯವಾಗಿ ಪತ್ನಿಯದು. ಮದುವೆಗೆ ಮುಂಚೆ ತಾಯಿಯ ಹೆಸರು ಕೊಟ್ಟು, ಆಮೇಲೆ ಬದಲಿಸಲು ಮರೆತವರು ಎಷ್ಟೋ. ಅತ್ತೆಗೆ ಸಿಕ್ಕಿದ್ದು ಸೊಸೆಗೆ ಮೋಸವೆಂದು, ಸೊಸೆಗೆ ಸಿಕ್ಕಿದ್ದು ಅತ್ತೆಗೆ ಅನ್ಯಾಯವೆಂದು ಕಾಣುತ್ತದೆ. ಎರಡೂ ಬೇರೆ ಬೇರೆ ನಿಯಮದ ಹಣ ಎಂದು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಯಾರ ಪರವನ್ನೂ ವಹಿಸದೆ ತಿಳಿಹೇಳುವ ಹಿರಿಯ ಹೆಂಗಸೊಬ್ಬರು ಸಂಘದಲ್ಲಿದ್ದರೆ ಎಷ್ಟೋ ಜಗಳ ಕೋರ್ಟಿಗೆ ಹೋಗದೆ ಮುಗಿಯುತ್ತವೆ.

ಕೈತಪ್ಪುವ ಧನಸಹಾಯ

ಕೇಂದ್ರೀಯ ಸೈನಿಕ ಮಂಡಳಿ 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಮೊತ್ತ ದ್ವಿಗುಣಗೊಳಿಸಿತು. ಪಿಂಚಣಿಯೇ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ ತಿಂಗಳಿಗೆ ₹8,000. ಇಬ್ಬರು ಮಕ್ಕಳವರೆಗೆ, 1ನೇ ತರಗತಿಯಿಂದ ಪದವಿಯವರೆಗೆ ತಲಾ ತಿಂಗಳಿಗೆ ₹2,000. ಇಬ್ಬರು ಹೆಣ್ಣುಮಕ್ಕಳವರೆಗೆ ಮದುವೆಗೆ ತಲಾ ₹1,00,000, ವಿಧವೆಯ ಮರುಮದುವೆಗೂ ಅಷ್ಟೇ. ಮದುವೆ ನೆರವಿಗೆ ಮದುವೆಯಾದ 180 ದಿನದೊಳಗೆ ಅರ್ಜಿ ಹಾಕಬೇಕು. ಮದುವೆಯ ಗಡಿಬಿಡಿ, ಆಮೇಲೆ ಆಷಾಢ, ಆಮೇಲೆ ಬಿತ್ತನೆ ಎನ್ನುತ್ತ ಆ ಗಡುವು ದಾಟಿಹೋಗುತ್ತದೆ. ಮದುವೆಯ ಕರೆಯೋಲೆ ಬಂದ ದಿನವೇ ಸಂಘದ ಕ್ಯಾಲೆಂಡರಿನಲ್ಲಿ ಕೊನೆಯ ತಾರೀಖು ಗುರುತು ಮಾಡಬೇಕು.

ಪಿಂಚಣಿ ಇಲ್ಲದ ಮಾಜಿ ಸೈನಿಕರೂ ಇದ್ದಾರೆಯೇ ಎಂದು ಹಲವರು ಅಚ್ಚರಿಪಡುತ್ತಾರೆ. ಜವಾನನಾಗಿ ಸೇರಿದವರಿಗೆ ಸೇವಾ ಪಿಂಚಣಿಗೆ 15 ವರ್ಷ ಬೇಕು. ಯುದ್ಧಕಾಲದಲ್ಲಿ ಸೇರಿ ಅದಕ್ಕಿಂತ ಮೊದಲೇ ಮನೆಗೆ ಬಂದ ಹಿರಿಯರಿದ್ದಾರೆ. ಅವರು ಕಚೇರಿಗೆ ಬರುವುದಿಲ್ಲ, ಪಿಂಚಣಿಯ ಪಟ್ಟಿಯಲ್ಲಿ ಇರುವುದಿಲ್ಲ. ಅವರನ್ನು ಹುಡುಕಿ ತೆಗೆಯುವುದು ಊರಿನ ಬಾಯಿಮಾತಿನಿಂದ ಮಾತ್ರ ಸಾಧ್ಯ.

ಸಂಘಗಳು, ದುಡ್ಡು, ದಲ್ಲಾಳಿಗಳು

ಪುಣೆಯ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ 1917ರಿಂದ ಅಂಗವಿಕಲ ಯೋಧರಿಗೆ ಕಸುಬು ಕಲಿಸುತ್ತಿದೆ. ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ಕೇಂದ್ರವಿದೆ. ಸೇನಾ ಪತ್ನಿಯರ ಕಲ್ಯಾಣ ಸಂಘ 1966ರದು. ಮೋಹಿನಿ ಗಿರಿ 1972ರಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ತಾಲ್ಲೂಕು ಸಂಘಗಳಿಗೆ ಇಂಥ ಬಲ ಇರುವುದಿಲ್ಲ. ಹೆಚ್ಚಿನವು ಸದಸ್ಯರ ಚಂದಾದ ಮೇಲೆ ನಡೆಯುತ್ತವೆ. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಮಾಜಿ ಸೈನಿಕರು, ಯುದ್ಧ ವಿಧವೆಯರು, ಅವರ ಅವಲಂಬಿತರಿಗಾಗಿ ಖರ್ಚು ಮಾಡಲು 2013ರ ಕಂಪನಿ ಕಾಯ್ದೆಯಲ್ಲೇ ಅವಕಾಶವಿದೆ. ಅದನ್ನು ಪಡೆಯಲು ಸಂಘ ನೋಂದಣಿಯಾಗಿ, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ ಇದ್ದು, ಮೂರು ವರ್ಷದ ಕೆಲಸದ ದಾಖಲೆ ತೋರಿಸಿ, ಸಿಎಸ್‌ಆರ್-1 ನಮೂನೆ ಸಲ್ಲಿಸಿರಬೇಕು. ಲೆಕ್ಕಪತ್ರ ಇಡದ ಸಂಘ ಎಷ್ಟೇ ಒಳ್ಳೆಯ ಕೆಲಸ ಮಾಡಿದ್ದರೂ ಇಲ್ಲಿ ಎಡವುತ್ತದೆ.

ಬಾಕಿ ಕೊಡಿಸುತ್ತೇವೆ, ಬಂದದ್ದರಲ್ಲಿ ಶೇಕಡಾ ಇಷ್ಟು ಕೊಡಿ ಎನ್ನುವವರೂ ಇದೇ ದಾರಿಯಲ್ಲಿ ಸಿಗುತ್ತಾರೆ. 1871ರ ಪಿಂಚಣಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಮುಂದೆ ಬರಬೇಕಾದ ಪಿಂಚಣಿಯನ್ನು ಬೇರೆಯವರಿಗೆ ಬರೆದುಕೊಡುವ ಯಾವ ಕರಾರೂ ಅಸಿಂಧು. ನಿಜವಾದ ಸ್ವಯಂಸೇವಕರ ಗುರುತು ಸರಳ: ಶೇಕಡಾ ಕೇಳುವುದಿಲ್ಲ, ಮೂಲ ದಾಖಲೆ ಇಟ್ಟುಕೊಳ್ಳುವುದಿಲ್ಲ, ಸ್ಪರ್ಶ್ ಪಾಸ್‌ವರ್ಡನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳುವುದಿಲ್ಲ, ಒಟಿಪಿಯನ್ನು ಆಕೆಯ ಎದುರಿನಲ್ಲೇ, ಏಕೆಂದು ಹೇಳಿ ಬಳಸುತ್ತಾರೆ.

ಗೌರವಿಸುವ ಬಗೆ

ಯಾರನ್ನು ಆರಿಸಬೇಕೆಂದು ಪದಾಧಿಕಾರಿಗಳನ್ನು ಕೇಳಿದರೆ ಪದಾಧಿಕಾರಿಗಳ ಹೆಸರೇ ಬರುತ್ತದೆ. ಕುಟುಂಬಗಳನ್ನು ಕೇಳಬೇಕು: ನಿಮ್ಮ ಕೆಲಸಕ್ಕೆ ಯಾರು ಬಂದರು, ಎಷ್ಟು ಸಲ ಬಂದರು, ಮುಗಿದ ಮೇಲೂ ಬಂದರೇ? ಆಮೇಲೆ ಸಂಘದ ದಾಖಲೆ ಪುಸ್ತಕ ನೋಡಬೇಕು. ಅದರಲ್ಲಿ ಪ್ರಕರಣ ಬಂದ ದಿನ, ವಿಷಯ, ಕಳಿಸಿದ ಕಚೇರಿ, ಸ್ಪೀಡ್ ಪೋಸ್ಟ್ ಸಂಖ್ಯೆ, ಮುಗಿದ ದಿನ ಇರಬೇಕು. ಇಂಥ ಪುಸ್ತಕವೇ ಇಲ್ಲದಿದ್ದರೆ ಈ ವರ್ಷದಿಂದ ಶುರುಮಾಡುವುದು ಸನ್ಮಾನಕ್ಕಿಂತ ತುರ್ತಿನ ಕೆಲಸ. ಒಬ್ಬರೇ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡ ಸಂಘಗಳಲ್ಲಿ ಆ ಒಬ್ಬರು ಹಾಸಿಗೆ ಹಿಡಿದರೆ ಹತ್ತಾರು ಕಡತ ಅನಾಥವಾಗುತ್ತವೆ.

ಬಿನ್ನವತ್ತಳೆಯಲ್ಲಿ ಕೆಲಸವನ್ನೇ ಬರೆಯಿರಿ: ಎಷ್ಟು ಕುಟುಂಬಗಳ ಹೆಸರು ತಿದ್ದುಪಡಿ ಮಾಡಿಸಿದರು, ಎಷ್ಟು ಜೀವಿತ ಪ್ರಮಾಣಪತ್ರ ಮಾಡಿಕೊಟ್ಟರು, ಯಾವ ಪ್ರಕರಣ ಎಷ್ಟು ವರ್ಷ ಹಿಡಿಯಿತು. ಕುಟುಂಬದ ಹೆಸರು, ಬಂದ ಹಣ ಮಾತ್ರ ಬೇಡ. ವೇದಿಕೆಯಲ್ಲಿ ಲಕ್ಷದ ಲೆಕ್ಕ ಓದಿದರೆ ಮರುದಿನವೇ ಆಕೆಯ ಮನೆಗೆ ಸಾಲ ಕೇಳುವವರು ಬರುತ್ತಾರೆ. ನೆರವು ಪಡೆದ ವಿಧವೆಯನ್ನೇ ಕರೆಸಿ ಅವರ ಕೈಯಿಂದ ಸ್ವಯಂಸೇವಕರಿಗೆ ಹಾರ ಹಾಕಿಸುವ ರೂಢಿಯನ್ನು ಬಿಡುವುದು ಒಳ್ಳೆಯದು. ನೋಡುವವರಿಗೆ ಚೆನ್ನಾಗಿರುತ್ತದೆ, ಆಕೆಗೆ ತಾನು ಋಣಿ ಎಂದು ಊರೆದುರು ನಿಲ್ಲಿಸಿದಂತೆ. ಅವರಾಗಿಯೇ ಬಂದು ಮಾತನಾಡುತ್ತೇನೆಂದರೆ ಆ ಮಾತು ಬೇರೆ.

ಶಾಲು, ಹಾರ, ಫಲತಾಂಬೂಲ ಇರಲಿ; ನಮ್ಮ ಪದ್ಧತಿಯಲ್ಲಿ ಅವಕ್ಕೆ ತೂಕವಿದೆ. ಜೊತೆಗೆ ಆ ವರ್ಷ ಅವರು ತಮ್ಮ ಜೇಬಿನಿಂದ ಹಾಕಿದ ಬಸ್ ಚಾರ್ಜು, ಜೆರಾಕ್ಸ್, ಅಂಚೆ ಖರ್ಚನ್ನು ಕೇಳಿ ತೀರಿಸಿ. ಸ್ಮರಣಿಕೆಯ ಹಣ ಉಳಿಸಿ ಸಂಘಕ್ಕೊಂದು ಸ್ಕ್ಯಾನರ್, ಪ್ರಿಂಟರ್ ಕೊಡಿ. ಅವರ ಬಳಿ ಕಲಿಯಲು ಇಬ್ಬರು ಕಿರಿಯರನ್ನು ಅಂದೇ ಗೊತ್ತುಮಾಡಿ. ದೊಡ್ಡ ಮಟ್ಟದ ಸೇವೆಯಾದರೆ ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಸೂಚಿಸಬಹುದು. ವಿವರಣೆ 800 ಪದ ಮೀರಬಾರದು. ಮೋಹಿನಿ ಗಿರಿಯವರಿಗೆ 2007ರಲ್ಲಿ ಪದ್ಮಭೂಷಣ ಬಂದಿತ್ತು. ಆ 800 ಪದ ತುಂಬಲು ಬೇಕಾಗುವುದು ಅದೇ ದಾಖಲೆ ಪುಸ್ತಕ.

ಸಮಾರಂಭದ ದಿನ ಸಭಾಂಗಣದ ಹಿಂಬದಿಯಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಬಳಿ, ಒಂದು ಮೇಜು, ಎರಡು ಕುರ್ಚಿ, ಇಂಟರ್‌ನೆಟ್ ಇರುವ ಫೋನ್, ಪ್ರಿಂಟರ್ ಇಡಿ. ಅಂದು ಪಿಪಿಒ, ಆಧಾರ್, ಪಾಸ್‌ಬುಕ್ ತರಬೇಕೆಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ಭಾಷಣ ನಡೆಯುತ್ತಿರುವಾಗ ಅಲ್ಲಿ ಕೂತವರು ಒಬ್ಬೊಬ್ಬರದೇ ಹೆಸರು ಹೊಂದಿಸಿ ನೋಡುತ್ತಾ ಹೋಗಲಿ.